‘ಕಾಸ್ಮಿಕ್ ಹಾರರ್’ಗೆ ‘ಬ್ರಹ್ಮಾಂಡ ಭಯ’ ಅಂದರೆ ನಡೆಯುತ್ತಾ?

ಎಲ್ಲರಿಗೂ ಧಾರವಾಡದಿಂದ ನಮಸ್ಕಾರ.

ಹುಬ್ಬಳ್ಳಿಯಲ್ಲಿರುವ ನನ್ನ ಅಕ್ಕನ ಮಗ ಕಾಲೇಜಿನ ವಾರ್ಷಿಕ ಸಂಚಿಕೆಗೆ ಒಂದು ವಿಡಿಯೋ ಗೇಮಿನ ವಿಮರ್ಶೆ ಬರೆದಿದ್ದಾನೆ. ಕನ್ನಡದಲ್ಲೇ ಬರೆದಿದ್ದಾನೆ, ಅದೇ ಖುಷಿ. ತಿದ್ದಿಕೊಡು ಮಾಮಾ ಅಂತ ಕಳಿಸಿದ. ತಿದ್ದಲು ಕೂತವನು ಎರಡನೇ ಸಾಲಿನಲ್ಲೇ ಸಿಕ್ಕಿಬಿದ್ದೆ. ‘ಇದೊಂದು ಬ್ರಹ್ಮಾಂಡ ಭಯಾನಕ ಪತ್ತೇದಾರಿ ಆಟ’ ಅಂತ ಬರೆದಿದ್ದಾನೆ. ಇಂಗ್ಲಿಷಿನ ‘ಕಾಸ್ಮಿಕ್ ಹಾರರ್’ಗೆ, ಅಂದರೆ ಮನುಷ್ಯನನ್ನು ಲೆಕ್ಕಕ್ಕೇ ಇಡದ ಅಪಾರವಾದದ್ದರ ಎದುರು ಹುಟ್ಟುವ ಹೆದರಿಕೆಗೆ, ಅವನು ಮಾಡಿದ ಕನ್ನಡ ಇದು.

ಆಟದ ಹೆಸರು ‘ದಿ ಸಿಂಕಿಂಗ್ ಸಿಟಿ’. ಉಕ್ರೇನಿನ ಫ್ರಾಗ್‌ವೇರ್ಸ್ ಮಾಡಿದ್ದು, 2019ರ ಜೂನ್‌ನಲ್ಲಿ ಬಂತು. ಷರ್ಲಾಕ್ ಹೋಮ್ಸ್ ಗೇಮುಗಳಿಂದ ಮೊದಲೇ ಹೆಸರು ಮಾಡಿದ್ದ ಸ್ಟುಡಿಯೋ ಅದು. ಕಥೆ 1920ರ ದಶಕದ್ದು. ಮೊದಲು ನೌಕಾಪಡೆಯಲ್ಲಿದ್ದ ಚಾರ್ಲ್ಸ್ ರೀಡ್ ಎಂಬ ಪತ್ತೇದಾರ ಓಕ್‌ಮಾಂಟ್ ಎಂಬ ಊರಿಗೆ ಬರುತ್ತಾನೆ. ಕಲ್ಪಿತ ಊರು. ಬೀದಿಬೀದಿಯಲ್ಲಿ ನೀರು ನಿಂತಿದೆ, ಜನರಿಗೆ ಕೆಟ್ಟ ಕನಸು ಬೀಳುತ್ತಿವೆ, ರೀಡ್‌ಗೂ ಬೀಳುತ್ತಿವೆ. ಈ ಬಗೆಯ ಭಯವನ್ನು ಬರವಣಿಗೆಯಲ್ಲಿ ಬೆಳೆಸಿದವನು ಅಮೆರಿಕದ ಲವ್‌ಕ್ರಾಫ್ಟ್ (1890–1937). ಆಟ ನಿಂತಿರುವುದು ಅವನ ಲೋಕದ ಮೇಲೆಯೇ.

ಈಗ ಪದಕ್ಕೆ ಬರುತ್ತೇನೆ. ‘ಬ್ರಹ್ಮಾಂಡ’ ಅಂದರೆ ನಿಘಂಟಿನಲ್ಲಿ ಇಡೀ ಜಗತ್ತು, ನಿಜ. ಆದರೆ ದಿನದ ಮಾತಿನಲ್ಲಿ ಅದು ‘ಬಹಳ ದೊಡ್ಡ’ ಅಂತ ಆಗಿಹೋಗಿದೆ. ಪತ್ರಿಕೆ ತೆರೆದರೆ ‘ಬ್ರಹ್ಮಾಂಡ ಭ್ರಷ್ಟಾಚಾರ’. ಹಾಗಾಗಿ ‘ಬ್ರಹ್ಮಾಂಡ ಭಯ’ ಅಂದರೆ ಓದುವವರು ‘ಜಾಸ್ತಿ ಹೆದರಿಕೆ’ ಅಂದುಕೊಳ್ಳುತ್ತಾರೆ ಅಷ್ಟೇ. ‘ವಿಶ್ವಭಯ’ ಅಂದರೆ ಯಾವುದೋ ಅಂತಾರಾಷ್ಟ್ರೀಯ ದಿನಾಚರಣೆ ಇದ್ದಂತೆ ಕೇಳುತ್ತದೆ. ‘ಖಗೋಳ ಭಯ’ ಅಂದರೆ ವಿಜ್ಞಾನದ ಪರೀಕ್ಷೆಗೆ ಹೆದರಿದ ಹುಡುಗ ನೆನಪಾಗುತ್ತಾನೆ.

ನಮ್ಮ ಹತ್ತಿರ ಹೆದರಿಕೆಯ ಪದಗಳಿಗೇನೂ ಬರ ಇಲ್ಲ. ಅಂಜಿಕೆ, ಅಳುಕು, ದಿಗಿಲು, ಗಾಬರಿ, ನಡುಕ. ಆದರೆ ಇವೆಲ್ಲ ಏನೋ ಒಂದು ನಮ್ಮ ಮೇಲೆ ಬರುತ್ತಿದೆ ಅನ್ನುವಾಗಿನ ಪದಗಳು. ನಮ್ಮ ದೆವ್ವಗಳನ್ನೇ ನೋಡಿ. ಅವಕ್ಕೆ ನಮ್ಮಿಂದ ಏನೋ ಬೇಕು. ಸಿಟ್ಟಿದೆ, ಹಸಿವಿದೆ, ಬಾಕಿ ಲೆಕ್ಕ ಇದೆ. ನಿಂಬೆಹಣ್ಣು ನಿವಾಳಿಸಿ ಮೂರು ದಾರಿ ಕೂಡುವಲ್ಲಿ ಒಗೆದು ಬಂದರೆ ಒಂದು ಮಟ್ಟಕ್ಕೆ ಒಪ್ಪಂದ ಆದಂತೆ. ಲವ್‌ಕ್ರಾಫ್ಟನ ಹೆದರಿಕೆ ಹಾಗಲ್ಲ. ಅಲ್ಲಿ ಸಮುದ್ರದ ಅಡಿಯಲ್ಲೋ ಚುಕ್ಕೆಗಳ ಆಚೆಗೋ ಇರುವುದಕ್ಕೆ ನಮ್ಮ ಮೇಲೆ ಹಗೆಯೂ ಇಲ್ಲ. ನಾವು ಇದ್ದೇವೆ ಅನ್ನುವುದೇ ಅದರ ಲೆಕ್ಕಕ್ಕಿಲ್ಲ. ಅದು ಹೊರಳಿದಾಗ ನಾವು ಅಡಿಗೆ ಸಿಕ್ಕಿರುತ್ತೇವೆ. ಇದಕ್ಕೆ ‘ಅಂಜಿಕೆ’ ಸಾಲುತ್ತಾ?

ಗದಗಿನ ಗೆಳೆಯರೊಬ್ಬರಿಗೆ ಫೋನ್ ಮಾಡಿದೆ. ವೀರನಾರಾಯಣ ಗುಡಿಯ ಹತ್ತಿರ ಮನೆ, ಮಾತೆತ್ತಿದರೆ ಕುಮಾರವ್ಯಾಸ. ‘ವಿಶ್ವರೂಪ ಐತಲ್ಲೋ, ಅರ್ಜುನ ನಡಗಿದ್ದು ಮತ್ಯಾವ ಅಂಜಿಕಿ?’ ಅಂದರು. ಮಾತು ಹಿಡಿಸಿತು. ಆದರೆ ಒಂದು ತೊಡಕಿದೆ. ಅರ್ಜುನ ಕೈಮುಗಿದು ಮೊದಲಿನ ರೂಪವನ್ನೇ ತೋರಿಸು ಅಂದಾಗ ಕೃಷ್ಣ ಗೆಳೆಯನಾಗಿ ತಿರುಗಿ ಬಂದ. ಲವ್‌ಕ್ರಾಫ್ಟನ ಲೋಕದಲ್ಲಿ ತಿರುಗಿ ಬರುವವರು ಯಾರೂ ಇಲ್ಲ. ಬೇಡಿಕೊಂಡರೆ ಕೇಳಲು ಆ ಕಡೆ ಕಿವಿಯೇ ಇಲ್ಲ.

ನನಗೆ ಈಗ ಹತ್ತಿರ ಅನ್ನಿಸಿರುವುದು ‘ಬೆಚ್ಚಿ ಬೆರಗಾಗು’ ಎಂಬ ನುಡಿ. ಬೆಚ್ಚುವುದರಲ್ಲಿ ಹೆದರಿಕೆ ಇದೆ, ಬೆರಗಿನಲ್ಲಿ ಎದುರಿಗಿರುವುದರ ದೊಡ್ಡತನ ಇದೆ. ಎರಡನ್ನೂ ಕೂಡಿಸಿ ‘ಬೆಚ್ಚುಬೆರಗು’ ಅಂದರೆ ಹೇಗೆ? ಅಳಿಯನಿಗೆ ಹೇಳಿದೆ. ‘ಮಾಮಾ, ಟಿವಿಯವರು ದಿನಾ ಜನಾನ್ನ ಬೆಚ್ಚಿ ಬೀಳಸ್ತಾರ, ಆ ಪದದಾಗ ಏನೂ ಉಳದಿಲ್ಲ’ ಅಂದ. ಅದೂ ಹೌದು. ‘ನಿಬ್ಬೆರಗು’ ಇಟ್ಟುಕೊಳ್ಳಬಹುದು, ಆದರೆ ಅದರ ಬೆನ್ನಿಗೆ ವಚನಗಳ ಅನುಭಾವ ಇದೆ. ಒಳ್ಳೆಯ ಪದವನ್ನು ತಂದು ರಾಕ್ಷಸನ ಮುಂದೆ ನಿಲ್ಲಿಸಲು ಮನಸ್ಸು ಬರುತ್ತಿಲ್ಲ.

ಇನ್ನು ‘ಪತ್ತೇದಾರಿ’. ಇದು ಮಾತ್ರ ಈ ಆಟಕ್ಕೆ ಹೇಳಿ ಮಾಡಿಸಿದ ಹಾಗಿದೆ. ನಮ್ಮ ಕಡೆ ಹಳಬರು ಈಗಲೂ ವಿಳಾಸಕ್ಕೆ ‘ಪತ್ತಾ’ ಅನ್ನುತ್ತಾರೆ. ‘ನಿಮ್ಮ ಪತ್ತಾ ಬರದು ಕೊಡ್ರಿ.’ ಮರಾಠಿಯಲ್ಲೂ ವಿಳಾಸಕ್ಕೆ ಅದೇ ಪದ. ‘ಪತ್ತೆ’ಯೂ ಅದೇ ಬೇರಿನದು, ‘ದಾರ’ ಪಾರ್ಸಿಯಿಂದ ಬಂದ ಬಾಲ. ಅಂದರೆ ಪತ್ತೇದಾರ ಪತ್ತಾ ಹುಡುಕುವವನೂ ಹೌದು. ‘ದಿ ಸಿಂಕಿಂಗ್ ಸಿಟಿ’ಯಲ್ಲಿ ಆಡುವವನು ಜಾಸ್ತಿ ಹೊತ್ತು ಮಾಡುವುದು ಇದನ್ನೇ! ಬೇರೆ ಗೇಮುಗಳಲ್ಲಿ ನಕ್ಷೆಯ ಮೇಲೆ ಚುಕ್ಕೆ ತಾನೇ ಮೂಡುತ್ತದೆ, ಅದರ ಬೆನ್ನು ಹತ್ತಿದರೆ ಸಾಕು. ಇಲ್ಲಿ ಹಾಗಿಲ್ಲ. ಇಂಥ ಬೀದಿ, ಇಂಥ ಎರಡು ಅಡ್ಡರಸ್ತೆಗಳ ನಡುವೆ ಅಂತ ಮಾತ್ರ ಸಿಗುತ್ತದೆ. ನಕ್ಷೆ ಬಿಡಿಸಿ ನೀವೇ ಗುರುತು ಹಾಕಬೇಕು. ಅಷ್ಟೂ ಸಿಗದಿದ್ದರೆ ಪೊಲೀಸ್ ಠಾಣೆ, ಆಸ್ಪತ್ರೆ, ಪತ್ರಿಕಾ ಕಚೇರಿ ಸುತ್ತಿ ಹಳೇ ಕಡತ ತೆಗೆಸಬೇಕು. ಹುಬ್ಬಳ್ಳಿಯ ದುರ್ಗದಬೈಲ್ ಸುತ್ತ ‘ಆ ಓಣಿ ದಾಟಿ, ಬಾವಿ ಬಾಜೂಕ’ ಎಂಬ ಪತ್ತಾ ಹಿಡಿದು ಅಲೆದವರಿಗೆ ಇದು ಹೊಸದಲ್ಲ ಬಿಡಿ.

ವಿಮರ್ಶಕರಲ್ಲಿ ಅನೇಕರು ಹೊಗಳಿದ್ದು ಈ ಹುಡುಕಾಟವನ್ನೇ. ನಿಜವಾಗಿ ಪತ್ತೇದಾರಿಕೆ ಮಾಡಿದ ಹಾಗನ್ನಿಸುತ್ತದೆ, ಆಟ ನಮ್ಮ ಕೈಹಿಡಿದು ನಡೆಸುವುದಿಲ್ಲ ಅಂತ. ಕೆಲವರಿಗೆ ಅದೇ ಬೇಸರ ತಂದಿದೆ. ಊರಿನ ಕಳೆ, ಕಥೆಯ ಹದ ಕೂಡ ಮೆಚ್ಚುಗೆ ಪಡೆದಿವೆ. ಬೈದಿದ್ದು ಹೊಡೆದಾಟವನ್ನು, ಒಂದೇ ಅಚ್ಚಿನ ಮನೆಗಳು ಮತ್ತೆ ಮತ್ತೆ ಬರುವುದನ್ನು, ತಾಂತ್ರಿಕ ತೊಂದರೆಗಳನ್ನು. ಹೊಡೆದಾಟಕ್ಕೆ ಇಂಗ್ಲಿಷಿನವರು ‘ಕ್ಲಂಕಿ’ ಅನ್ನುತ್ತಾರೆ. ಅಳಿಯ ಅದನ್ನು ‘ಅಸಮರ್ಪಕ’ ಅಂತ ಮಾಡಿದ್ದ, ನೀರಿನ ಪೂರೈಕೆಯ ಸುದ್ದಿ ಓದಿದಂತಾಯಿತು. ನಾನು ಹೊಡೆದು ಹಾಕಿ ‘ಮೊಂಡು’ ಅಂತ ಬರೆದೆ. ಮೊಂಡು ಕುಡಗೋಲಿನಿಂದ ಜೋಳ ಕೊಯ್ದವರಿಗೆ ಬೇರೆ ವಿವರಣೆ ಬೇಡ.

ಅವನ ಲೇಖನದಲ್ಲಿ ಒಂದು ಮಾತು ನನಗೆ ಬಹಳ ಹಿಡಿಸಿತು. ಗುಂಡು ಹಾರಿಸಿ ಕೊಲ್ಲಬಹುದಾದ ರಾಕ್ಷಸ ನಾಲ್ಕನೇ ಸಲ ಬಂದಾಗ ರಾಕ್ಷಸ ಅಲ್ಲ, ಬೀದಿನಾಯಿ ಅಂತ ಬರೆದಿದ್ದಾನೆ. ಓಕ್‌ಮಾಂಟಿನಲ್ಲಿ ಗುಂಡುಗಳೇ ದುಡ್ಡಿನ ಹಾಗೆ ಚಲಾವಣೆಯಲ್ಲಿವೆ. ಅಂದರೆ ಹೆದರಿಕೆಗೂ ಒಂದು ರೇಟು ಬಂದುಬಿಡುತ್ತದೆ. ಹಾಗಾಗಿ ಈ ಆಟದ ನಿಜವಾದ ಹೆದರಿಕೆ ಹೊಡೆದಾಟದಲ್ಲಿಲ್ಲ, ಕಡತದಲ್ಲಿದೆ ಅನ್ನುವುದು ಅವನ ವಾದ. ನಾನು ಆಡಿಲ್ಲ, ಅವನ ಪಕ್ಕ ಕೂತು ಎರಡು ಸಂಜೆ ನೋಡಿದ್ದೇನೆ ಅಷ್ಟೇ. ನನಗೂ ಹಾಗೇ ಅನ್ನಿಸಿತು.

‘ಕ್ಲೂ’ಗೆ ಅವನು ‘ಸುಳಿವು’ ಬಳಸಿದ್ದಾನೆ, ತಪ್ಪಲ್ಲ. ಆದರೆ ನಮ್ಮ ಕಡೆ ‘ಖೂನ’ ಅಂತ ಇದೆಯಲ್ಲ, ಗುರುತು ಎಂಬ ಅರ್ಥದಲ್ಲಿ? ‘ನನ್ನ ಖೂನ ಹಿಡೀಲಿಲ್ಲೇನು?’ ಅನ್ನುತ್ತೇವೆ. ಅದರ ಪಕ್ಕದಲ್ಲೇ ಕೊಲೆಗೆ ‘ಖೂನಿ’. ಮರಾಠಿಯಲ್ಲಿ ಗುರುತಿನದಕ್ಕೆ ‘ಣ’, ಕೊಲೆಯದಕ್ಕೆ ‘ನ’. ನಾವು ಎರಡನ್ನೂ ‘ನ’ಕಾರದಲ್ಲಿ ಕೂರಿಸಿಬಿಟ್ಟೆವು. ಖೂನಿಯ ಖೂನ ಹುಡುಕುವವನು ಪತ್ತೇದಾರ ಅಂತ ಬರೆಯುವ ಆಸೆ ತಡೆಯಲಾಗುತ್ತಿಲ್ಲ. ಬೆಂಗಳೂರು, ಮೈಸೂರು ಕಡೆ ಓದುವವರಿಗೆ ಇದು ಮುದ್ರಣದ ತಪ್ಪು ಅನ್ನಿಸುತ್ತಾ, ಹೇಳಿ.

ಆಟದಲ್ಲಿ ಭೀಕರ ನೋಟ ಕಂಡಾಗ ರೀಡ್‌ನ ‘ಸ್ಯಾನಿಟಿ’ ಇಳಿಯುತ್ತದೆ, ಪರದೆಯ ಮೇಲೆ ಅದಕ್ಕೊಂದು ಪಟ್ಟಿ ಇದೆ. ಅಳಿಯ ‘ಚಿತ್ತಸ್ವಾಸ್ಥ್ಯ’ ಅಂದಿದ್ದ. ನಾನು ‘ಖಬರು’ ಅಂದೆ. ಖಬರು ತಪ್ಪಿ ಬಿದ್ದ, ಖಬರಗೇಡಿ, ಇವೆಲ್ಲ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಇದಕ್ಕೆ ಅವನು ಕೂಡಲೇ ಒಪ್ಪಿದ.

ಕೊನೆಗೆ ಶೀರ್ಷಿಕೆ. ‘ಮುಳುಗಡೆಯ ಊರು’ ಅಂತ ಇಟ್ಟಿದ್ದಾನೆ. ಕೇಳಲು ಚೆನ್ನಾಗಿದೆ. ಆದರೆ ನಮ್ಮ ಭಾಗದಲ್ಲಿ ಮುಳುಗಡೆ ಅಂದರೆ ಆಣೆಕಟ್ಟು, ಪರಿಹಾರದ ಚೆಕ್ಕು, ಪುನರ್ವಸತಿ ಕೇಂದ್ರ. ಬಾಗಲಕೋಟೆಯವರನ್ನು ಕೇಳಿ. ಮಳೆಗಾಲದ್ದಾದರೆ ‘ಮಹಾಪೂರ’ ಅಥವಾ ಸುಮ್ನೆ ‘ಹೊಳೆ ಬಂತು’. ಆಟ ಬಂದ ವರ್ಷವೇ, ಆಗಸ್ಟಿನಲ್ಲಿ, ಮಲಪ್ರಭೆ ಉಕ್ಕಿ ನರಗುಂದದ ಕಡೆ ಕೊಣ್ಣೂರಿಗೆ ನೀರು ನುಗ್ಗಿತ್ತು. ಆ ನೀರಿಗೆ ಕಾರಣ ಗೊತ್ತಿತ್ತು, ಇಳಿಯುತ್ತದೆ ಅಂತಲೂ ಗೊತ್ತಿತ್ತು. ಓಕ್‌ಮಾಂಟಿನ ನೀರು ಹಾಗಲ್ಲ. ಬಂದು ಕೂತಿದೆ, ಹೋಗುತ್ತಿಲ್ಲ. ‘ನೀರು ನಿಂತ ಊರು’ ಅಂದರೆ ಸಪ್ಪೆಯಾಗುತ್ತಾ?

ಸಂಚಿಕೆ ಶುಕ್ರವಾರ ಅಚ್ಚಿಗೆ ಹೋಗುತ್ತದಂತೆ. ಹಾವೇರಿ ಕಡೆಯವರು ಯಾರಾದರೂ ಇದ್ದರೆ ಒಂದು ಕೇಳಬೇಕು. ತುಂಬಿದ ತುಂಗಭದ್ರೆಯ ದಂಡೆಯಲ್ಲಿ ಕತ್ತಲಲ್ಲಿ ನಿಂತಾಗ ಕಾಲು ಹಿಂದೆ ಸರಿಯುತ್ತದಲ್ಲ, ಯಾರೂ ದೂಡದೆ, ಏನೂ ಕಾಣದೆ. ಅದಕ್ಕೆ ನಿಮ್ಮ ಮನೆಯ ಹಿರಿಯರು ಏನಂತಿದ್ದರು?