ಪದಚರ್ಚೆ: ರೋಗ ‘ತಡೆಯುವ’ ಹಾಪ್ ಬೇರೆ, ‘ತಾಳುವ’ ಹಾಪ್ ಬೇರೆ ಅಲ್ಲವೇ?

ಎಲ್ಲರಿಗೂ ನಮಸ್ಕಾರ.

ಬಿಯರ್‌ಗೆ ಕಹಿ, ಘಮ ಬರಲೆಂದು ಹೂ ಹಾಕುವ ಬಳ್ಳಿಯೇ ಹಾಪ್. ಬಿಯರ್ ತಯಾರಿಕೆಯ ಒಂದು ಅನುವಾದದಲ್ಲಿ ಅದರ ಕ್ಯಾಸ್ಕೇಡ್ ತಳಿಯನ್ನು ‘ಬೂಷ್ಟು ನಿರೋಧಕ ಪರಿಮಳ ಹಾಪ್’ ಎಂದಿದ್ದಾರೆ. ‘ಹಾಪ್’ ಹಾಗೇ ಇರಲಿ, ಉಳಿದ ಮೂರೂ ಪದಗಳಿಗೆ ನನ್ನ ತಕರಾರಿದೆ.

‘ಬೂಷ್ಟು’ ಎಂದರೆ ಯಾವುದು? ಹಾಪ್ ಬಳ್ಳಿಗೆ ಬರುವುದು ಎರಡು. ಎಲೆಯ ಮೇಲೆ ಬಿಳಿ ಪುಡಿ ಕೂತು, ಬೆರಳಲ್ಲಿ ಒರೆಸಿದರೆ ಅಂಟಿಕೊಂಡು ಬಂದರೆ ಬೂದಿ ರೋಗ. ನರಗಳ ನಡುವೆ ಮೂಲೆಮೂಲೆಯಾದ ಮಚ್ಚೆ ಬಿದ್ದು, ಎಲೆ ಮಗುಚಿದಾಗ ಕಪ್ಪು ಬೂದುಬಣ್ಣದ ನವಿರು ಕಂಡರೆ ಬೂಜುತುಪ್ಪಟ. ಮೊದಲನೆಯದಕ್ಕೆ ಗಂಧಕ, ಎರಡನೆಯದಕ್ಕೆ ತಾಮ್ರದ ಔಷಧಿ. ಒಂದೇ ಪದ ಬಳಸಿದರೆ ಓದಿದವರು ತಪ್ಪು ಔಷಧಿ ಹೊಡೆಯುತ್ತಾರೆ.

ಇನ್ನು ‘ನಿರೋಧಕ’. ಚಿಕ್ಕಮಗಳೂರಿನ ಕಾಫಿ ಬೆಳೆಗಾರರ ಮುಂದೆ ಈ ಪದ ಎತ್ತಿದರೆ ‘ಎಷ್ಟು ವರ್ಷಕ್ಕೆ?’ ಎಂದಾರು. ಎಲೆ ತುಕ್ಕು ತಡೆಯಲೆಂದು 1940ರ ದಶಕದಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಿಂದ ಬಂದ ಎಸ್.795 ಕಾಫಿ ತಳಿಗೂ, ತುಕ್ಕಿನ ಹೊಸ ಬಗೆಗಳು ಹುಟ್ಟಿದ ಮೇಲೆ 0.5% ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಲೇಬೇಕಾಯಿತು. 1972ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್‌ಗೂ ಅದೇ ಗತಿ: ಬೂದಿ ರೋಗಕ್ಕೆ ಅದರಲ್ಲಿದ್ದ ತಡೆಯನ್ನು ಮುರಿಯುವ ಬಗೆಗಳು ಈಗ ಅಲ್ಲಿನ ತೋಟಗಳಲ್ಲಿವೆ. ಬೂಜುತುಪ್ಪಟಕ್ಕಾದರೋ ಅದರ ತಡೆ ಪೂರ್ತಿ ಅಲ್ಲ, ಸಾಧಾರಣ. ಆದ್ದರಿಂದ ರೋಗಾಣು ಬೇರೂರಲು ಬಿಡದ್ದಕ್ಕೆ ‘ರೋಗ ತಡೆಯುವ’, ರೋಗ ಬಂದರೂ ಫಸಲು ಕೊಡುವುದಕ್ಕೆ ‘ರೋಗ ತಾಳುವ’ ಎಂದು ಬೇರೆ ಮಾಡಿ, ಜೊತೆಗೇ ರೋಗದ ಹೆಸರನ್ನೂ ಹೇಳಬೇಕು. ಪಾಠಪುಸ್ತಕದ ‘ಸಹಿಷ್ಣು’ ತಪ್ಪಲ್ಲ, ತೋಟದಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ ಅಷ್ಟೆ.

‘ಪರಿಮಳ ಹಾಪ್’ ಓದಿದರೆ ಕಹಿಯೇ ಇಲ್ಲವೆನಿಸುತ್ತದೆ. ಕ್ಯಾಸ್ಕೇಡ್‌ನಲ್ಲಿ ಕಹಿ ಕೊಡುವ ಆಲ್ಫಾ ಆಮ್ಲ ಸುಮಾರು 4.5ರಿಂದ 7% ಇದೆ. 60 ನಿಮಿಷ ಕುದಿಸಿದರೆ ಕಹಿ ಚೆನ್ನಾಗಿಯೇ ಇಳಿಯುತ್ತದೆ, ಹಾರಿಹೋಗುವುದು ವಾಸನೆಯ ಎಣ್ಣೆ. ಡಿಕಾಕ್ಷನ್ನನ್ನು ಮತ್ತೆ ಕುದಿಸಿದಾಗ ಘಮ ಹೋಗಿ ಕಹಿ ಉಳಿಯುವ ಹಾಗೆ. ಅದಕ್ಕೇ ಇದನ್ನು ಕುದಿಯ ಕೊನೆಯ 5–10 ನಿಮಿಷದಲ್ಲಿ, ಇಲ್ಲವೇ ಒಲೆ ಆರಿಸಿದ ಮೇಲೆ ಹಾಕುವುದು. ‘ಘಮಕ್ಕೆ ಹಾಕುವ ಹಾಪ್’ ಎಂದರೆ ಕೆಲಸವೂ ತಿಳಿಯುತ್ತದೆ.

ನನಗೆ ಬಗೆಹರಿಯದ್ದು ಒಂದೇ. ಕಾಗದದಂಥ ಎಸಳುಗಳ ಬುಡದಲ್ಲಿ ಅಂಟು ಹಳದಿ ಪುಡಿ ತುಂಬಿರುವ ಹಾಪ್‌ನ ಹೆಣ್ಣು ಹೂಗೊಂಚಲಿಗೆ ಅನುವಾದಕರು ‘ಶಂಕು’ ಎಂದಿದ್ದಾರೆ. ಅದು ಆಕಾರದ ಹೆಸರು, ಹೂವಿನದಲ್ಲ. ‘ಹೂತೆನೆ’ ಎನ್ನಬಹುದೇ? ಹಾಸನ, ಸಕಲೇಶಪುರದ ಕಡೆಯವರು ಮೆಣಸಿನ ಬಳ್ಳಿಯ ಹೂಗೊಂಚಲಿಗೆ ಬಳಸುವ ಬೇರೆ ಪದವಿದ್ದರೆ ತಿಳಿಸಿ.