ಟೆಸ್ಟಿಗೊಂದು ಟಯರ್, ಗುಡ್ಡೆಗೊಂದು ಟಯರ್

ನಮ್ಮ ಹತ್ತನೇ ಕ್ಲಾಸಿನ ವಾಟ್ಸಾಪ್ ಗುಂಪಿಗೆ ನಾನೇ ಅಡ್ಮಿನ್. ಎಲ್ಲರೂ ಕನ್ನಡ ಮೀಡಿಯಂ. ಮನೆಯಲ್ಲಿ ಒಬ್ಬನದ್ದು ತುಳು, ಒಬ್ಬಳದ್ದು ಮಲಯಾಳ, ಮತ್ತೊಬ್ಬರದ್ದು ಹವಿಗನ್ನಡ, ಬ್ಯಾರಿ, ಕೊಂಕಣಿ. ಜಗಳ ಮಾತ್ರ ಕನ್ನಡದಲ್ಲೇ. ಗುಂಪಿನ ನಿಯಮ ಎರಡೇ: ಫಾರ್ವರ್ಡ್ ಹಾಕಬಾರದು, ಮಾರಾಟದ ಪೋಸ್ಟ್ ಹಾಕಬಾರದು. ಕಳೆದ ಎರಡು ವಾರಗಳಲ್ಲಿ ಎರಡೂ ಮುರಿದವು.

ಕಾಸರಗೋಡಿನ ಪೆರ್ಲದ ಕಡೆಯ ಉದಯ ತನ್ನ ಪಿಕಪ್ ಅನ್ನು ಸಿಎಫ್ ಟೆಸ್ಟಿಗೆ, ಅಂದರೆ ಗಾಡಿ ಓಡಿಸಲು ಯೋಗ್ಯ ಎಂಬ ಸರ್ಟಿಫಿಕೇಟಿನ ಪರೀಕ್ಷೆಗೆ, ಒಯ್ದಿದ್ದ. ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಇದಕ್ಕೇ ಎಫ್‌ಸಿ ಎನ್ನುತ್ತಾರೆ. ಆಮೇಲೆ ನಡೆದದ್ದನ್ನು ಎಲ್ಲರನ್ನೂ ಕೇಳಿ, ಹೆಸರು ಬದಲಿಸಿ ಇಲ್ಲಿ ಹಾಕುತ್ತಿದ್ದೇನೆ. ಗುಡ್ ಮಾರ್ನಿಂಗ್ ಹೂವುಗಳನ್ನು ತೆಗೆದಿದ್ದೇನೆ.

ಉದಯ: ಬೆಳಿಗ್ಗೆ ಏಳಕ್ಕೆ ಹೊರಟು ಹೋಗಿ ಸಾಲಿನಲ್ಲಿ ನಿಂತದ್ದು. ಐದೇ ನಿಮಿಷದಲ್ಲಿ ವಾಪಸ್ ಕಳಿಸಿದರು. ಟಯರ್ ದೊಡ್ಡದಂತೆ. ಮುಂದಿನ ಕಬ್ಬಿಣದ ಗಾರ್ಡ್ ತೆಗೆಯಬೇಕಂತೆ. ಟಾಪಿನ ಎಲ್‌ಇಡಿ ಬಾರ್, ಹಾರ್ನ್, ಹಿಂದಿನ ಸ್ಪ್ರಿಂಗಿನ ಎಕ್ಸ್‌ಟ್ರಾ ಪ್ಲೇಟ್, ಎಲ್ಲ ಬಿಚ್ಚಿ ತರಬೇಕಂತೆ. ಬ್ರೇಕ್ ನೋಡುವ ಮೊದಲೇ ಇಷ್ಟು. 2016ರ ಗಾಡಿ ಮಾರಾಯ, ಒಂದು ದಿನ ದಾರಿಯಲ್ಲಿ ನಿಂತದ್ದಿಲ್ಲ.

ಸುರೇಶ: [ಚಿತ್ರ: "ಟೆಸ್ಟ್ ಸೆಟ್ ಬಾಡಿಗೆಗೆ. ನಾಲ್ಕು ಟಯರ್ ಡಿಸ್ಕ್ ಸಮೇತ. ಹಾರ್ನ್, ಇಂಡಿಕೇಟರ್, ರಿಫ್ಲೆಕ್ಟರ್. ಬೆಳಿಗ್ಗೆ ಒಯ್ದು ಸಂಜೆ ವಾಪಸ್."] ಉದಯಾ, ಇದಕ್ಕೆಲ್ಲ ತಲೆಬಿಸಿ ಯಾಕೆ? ಒಂದು ದಿನದ ಕೆಲಸ.

ವಿದ್ಯಾ: ಇದೆಂಥದ್ದು ಸುರೇಶ? ಮದುವೆಗೆ ಬಾಡಿಗೆ ಒಡವೆ ತಂದ ಹಾಗೆ.

ಸುರೇಶ: ಎಲ್ಲರೂ ಮಾಡುವುದೇ. ಮದುಮಗಳು ಚಂದ ಕಂಡರೆ ಸಾಕಲ್ವಾ?

ಹಮೀದ್: ಸುಳ್ಳು ಯಾಕೆ ಹೇಳಲಿ, ನನ್ನ ವರ್ಕ್‌ಶಾಪಿನಲ್ಲೂ ಹೀಗೆ ಮಾಡಿಕೊಟ್ಟದ್ದುಂಟು. ಟೆಸ್ಟ್ ಮುಗಿದ ಸಂಜೆಯೇ ಬಂದು ಬಿಚ್ಚಿಸಿಕೊಂಡು ಹೋಗುತ್ತಾರೆ.

ನಾನು: ಸುರೇಶ, ಫಾರ್ವರ್ಡ್ ಹಾಕಬಾರದು ಅಂತ ನಿಯಮ ಇದೆ.

ಸುರೇಶ: ಇದು ಫಾರ್ವರ್ಡ್ ಅಲ್ಲ, ಸಹಾಯ.

ವಿದ್ಯಾ ಇನ್ಶೂರೆನ್ಸ್ ಕ್ಲೈಮಿನ ಕೆಲಸದಲ್ಲಿದ್ದಾಳೆ. ಇಂಥ ಮಾತು ಕಂಡರೆ ಅವಳು ಸುಮ್ನೆ ಕೂರುವವಳಲ್ಲ. ಮುಂದಿನದ್ದು ಅವಳ ಮೂರು ಮೆಸೇಜು, ಒಂದರ ಹಿಂದೆ ಒಂದು.

ವಿದ್ಯಾ: ಮೊದಲು ತಿಳಿದುಕೊಳ್ಳಿ. ಸಿಎಫ್ ಇಲ್ಲದ ಗೂಡ್ಸ್ ಗಾಡಿ ಕಾನೂನಿನ ಲೆಕ್ಕದಲ್ಲಿ ಸರಿಯಾದ ರಿಜಿಸ್ಟ್ರೇಶನ್ ಇಲ್ಲದ ಗಾಡಿಯೇ. ಮೋಟಾರು ವಾಹನ ಕಾಯ್ದೆ 56ನೇ ಸೆಕ್ಷನ್. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಟೆಸ್ಟ್, ಆಮೇಲೆ ವರ್ಷ ವರ್ಷ. ಉದಯನದ್ದು 2016 ಆದ್ದರಿಂದ ಈಗ ಪ್ರತಿ ವರ್ಷ. ಬಾಡಿಗೆ ಟಯರ್ ಎಷ್ಟು ಸಲ ತರುತ್ತೀರಿ?

ವಿದ್ಯಾ: ಇನ್ನು ಮಾಡಿಫಿಕೇಶನ್. ಕಂಪೆನಿ ಕೊಟ್ಟ ಮೂಲ ವಿವರ ಬದಲಾಗುವ ಹಾಗೆ ಏನೂ ಮಾಡುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ನಮ್ಮ ಕೇರಳದ್ದೇ ಕೇಸು. ಹೈಕೋರ್ಟ್ ಮಾಡಬಹುದು ಅಂದಿತ್ತು, ಮೇಲಿನವರು ತಳ್ಳಿಹಾಕಿದರು.

ವಿದ್ಯಾ: ಅದೇ ವರ್ಷದ ತಿದ್ದುಪಡಿಯ ಪ್ರಕಾರ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಉದಯಾ, ನೀನೇ ಐದು ಹೇಳಿದೆ. ಗುಣಿಸು.

ಉದಯ: ಗುಣಿಸಿದೆ. ಈಗ ನೀನು ನನ್ನ ಮನೆಯ ದಾರಿ ನೋಡು. ಒಂದು ಕಿಲೋಮೀಟರ್ ಮಣ್ಣಿನ ಗುಡ್ಡೆ. ಆಟಿ ತಿಂಗಳ ಮಳೆಯಲ್ಲಿ ಅಮ್ಮನಿಗೆ ಉಸಿರು ಕಟ್ಟಿದಾಗ ಹಳೆಯ ಟಯರಿನಲ್ಲಿ ಗಾಡಿ ಮೇಲೆ ಹತ್ತಲಿಲ್ಲ. ನಾಲ್ಕು ಜನ ಕುರ್ಚಿಯಲ್ಲಿ ಹೊತ್ತುಕೊಂಡು ಬಂದರು. ಮರುವಾರವೇ ನಾನು 31 ಇಂಚಿನ ಜೀಪ್ ಟಯರ್ ಹಾಕಿಸಿದೆ. ರಸ್ತೆ ಮಾಡಿಕೊಡದವರಿಗೆ ಟೆಸ್ಟ್ ಇಲ್ಲ. ನನ್ನ ಟಯರಿಗೆ ಟೆಸ್ಟ್.

ಇದಕ್ಕೆ ಕಾಲು ಗಂಟೆ ಯಾರೂ ಉತ್ತರ ಹಾಕಲಿಲ್ಲ. ನನ್ನ ಹತ್ತಿರವೂ ಉತ್ತರ ಇರಲಿಲ್ಲ. ನನಗೂ ಒಂದು ಹಳೆಯ ಜೀಪಿದೆ. ಅದರ ಮಾತು ಇಲ್ಲಿ ಬೇಡ.

ಗಣೇಶ: ಗಡಿಯಲ್ಲಿದ್ದು ನಾವು ಯಾಕೆ ಕಷ್ಟಪಡಬೇಕು? ಮಂಗಳೂರಿಗೆ ಟ್ರಾನ್ಸ್‌ಫರ್ ಮಾಡಿಸು. ಕೆಎಲ್ 14 ತೆಗೆದು ಕೆಎ 19. ಅಲ್ಲಿ ಪಾಸ್ ಆಗುತ್ತದೆ.

ವಿದ್ಯಾ: ಕಾಯ್ದೆ ಕೇಂದ್ರದ್ದು ಗಣೇಶ. ನೇತ್ರಾವತಿ ದಾಟಿದರೆ ಮಾಡಿಫಿಕೇಶನ್ ತಡೆಯುವ 52ನೇ ಸೆಕ್ಷನ್ ಬದಲಾಗುವುದಿಲ್ಲ. ಎನ್‌ಒಸಿ ತೆಗೆಯಬೇಕು, ಅಲ್ಲಿಯ ಟ್ಯಾಕ್ಸ್ ಕಟ್ಟಬೇಕು, ಅಲ್ಲಿಯ ವಿಳಾಸ ತೋರಿಸಬೇಕು. ಇಷ್ಟೆಲ್ಲ ಮಾಡಿ ಅಲ್ಲಿಯೂ ಅದೇ ಟಯರ್.

ಪ್ರಕಾಶ (ಹ್ಯೂಸ್ಟನ್): ಈಗ ಎದ್ದೆ, ಎಲ್ಲ ಓದಿದೆ. ನಮ್ಮ ಟೆಕ್ಸಸ್‌ನಲ್ಲಿ 2025ರ ಜನವರಿ 1ರಿಂದ ಸ್ವಂತ ಗಾಡಿಗಳಿಗೆ ಸುರಕ್ಷತೆಯ ಟೆಸ್ಟೇ ಇಲ್ಲ. ನನ್ನ ಪಕ್ಕದ ಮನೆಯವನ ಟ್ರಕ್ ಎಷ್ಟು ಎತ್ತರ ಅಂದರೆ ಏಣಿ ಹಾಕಿ ಹತ್ತುತ್ತಾನೆ. ಹೊಗೆ ಪರೀಕ್ಷೆ ಮಾತ್ರ ಹ್ಯೂಸ್ಟನ್‌ನಂಥ ಊರುಗಳಲ್ಲಿ ಉಳಿದಿದೆ.

ಸುರೇಶ: ನೋಡಿ! ಅಮೆರಿಕದವರೇ ಬಿಟ್ಟಿದ್ದಾರೆ.

ಪ್ರಕಾಶ: ಟೆಸ್ಟ್ ಬಿಟ್ಟರು, ಫೀಸು ಬಿಡಲಿಲ್ಲ. ಅದರ ಬದಲು ಅಂತ ವರ್ಷಕ್ಕೆ ಏಳೂವರೆ ಡಾಲರ್ ಕೊಡಬೇಕು. ಮತ್ತೆ ವಾಣಿಜ್ಯದ ಗಾಡಿಗೆ ಈಗಲೂ ಟೆಸ್ಟ್ ಇದೆ. ಉದಯನ ಪಿಕಪ್ ಇಲ್ಲಿದ್ದರೂ ಸಾಲಿನಲ್ಲಿ ನಿಲ್ಲಲೇಬೇಕು.

ಹಮೀದ್: ಟೆಸ್ಟ್ ಇಲ್ಲದೆ ಫೀಸು! ಮಾರಾಯ, ಇದನ್ನು ಇಲ್ಲಿ ಜೋರಾಗಿ ಹೇಳಬೇಡ. ನಮ್ಮವರ ಕಿವಿಗೆ ಬಿದ್ದರೆ ಕಷ್ಟ.

ಆ ಹೊತ್ತಿಗೆ ನಮ್ಮ ಗಣಿತದ ಮಾಷ್ಟ್ರು ಬಂದರು. ನಿವೃತ್ತರಾಗಿ ಹನ್ನೆರಡು ವರ್ಷ ಆಯಿತು. ಗುಂಪಿನಲ್ಲಿ ಅವರು ಮಾತಾಡುವುದೇ ಅಪರೂಪ, ಆದರೆ ಎಲ್ಲ ಓದುತ್ತಾರೆ.

ಮಾಷ್ಟ್ರು: ಒಂದು ಲೆಕ್ಕ. ಹಳೆಯ ಟಯರ್ 215/75 ಆರ್ 15. ಅದರ ವ್ಯಾಸ ಸುಮಾರು 703 ಮಿಲಿಮೀಟರ್. ಹೊಸದು 31 ಇಂಚು, ಅಂದರೆ 787 ಮಿಲಿಮೀಟರ್. ಸ್ಪೀಡೋಮೀಟರ್ 60 ತೋರಿಸುವಾಗ ಉದಯ ನಿಜಕ್ಕೂ ಎಷ್ಟು ವೇಗದಲ್ಲಿ ಹೋಗುತ್ತಿದ್ದಾನೆ?

ಗಣೇಶ: ಸರ್, ನಾನು ಊಟಕ್ಕೆ ಕೂತಿದ್ದೇನೆ.

ಹಮೀದ್: 67 ಸರ್.

ಮಾಷ್ಟ್ರು: ಸರಿ. ಆದರೆ ಘಟಕ ಬರೆಯಲಿಲ್ಲ. ಅರ್ಧ ಅಂಕ ಕಡಿತ.

ಹಮೀದ್: ಗಂಟೆಗೆ ಕಿಲೋಮೀಟರ್ ಸರ್. ಉದಯಾ, ಗಾಡಿಯನ್ನು ಸಂಜೆ ಇತ್ತ ತಾ. ಟೆಸ್ಟಿನ ಮಾತು ಆಮೇಲೆ, ಒಮ್ಮೆ ನಾನು ಅಡಿಯಿಂದ ನೋಡುತ್ತೇನೆ.

ರಾತ್ರಿ ಒಂಬತ್ತಕ್ಕೆ ಹಮೀದ್ ಒಂದು ಫೋಟೋ ಹಾಕಿದ. ಟಾರ್ಚಿನ ಬೆಳಕಿನಲ್ಲಿ ತೆಗೆದದ್ದು. ಮುಂದಿನ ಎಡ ಚಕ್ರದ ಹಿಂಬದಿ. ಮಣ್ಣು ಮೆತ್ತಿದ ಕಪ್ಪು ಪೈಪು, ಅದರ ನಡುವೆ ಎರಡು ಬೆರಳಿನಷ್ಟು ಜಾಗ ಮಾತ್ರ ತಿಕ್ಕಿ ತಿಕ್ಕಿ ನುಣ್ಣಗೆ ಹೊಳೆಯುತ್ತಿತ್ತು. ಹೊಳೆಯುವ ಜಾಗದ ಮಧ್ಯೆ ರಬ್ಬರ್ ಹೋಗಿ ಒಳಗಿನ ಬಿಳಿ ನೂಲು ಕಾಣುತ್ತಿತ್ತು.

ಹಮೀದ್: ಇದು ಬ್ರೇಕ್ ಆಯಿಲಿನ ಹೋಸ್. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗಲೆಲ್ಲ ನಿನ್ನ ದೊಡ್ಡ ಟಯರ್ ಇದಕ್ಕೆ ಉಜ್ಜುತ್ತದೆ. ನಿಮ್ಮ ಗುಡ್ಡೆಯಲ್ಲಿ ಎಷ್ಟು ತಿರುವು?

ಉದಯ: ಏಳು.

ಹಮೀದ್: ದಿನಕ್ಕೆ ಎಷ್ಟು ಸಲ ಇಳಿಯುತ್ತೀ, ಕೆಂಪುಕಲ್ಲು ತುಂಬಿಸಿಕೊಂಡು?

ಉದಯ ಟೈಪ್ ಮಾಡುತ್ತಿರುವುದು ಕಾಣುತ್ತಿತ್ತು. ನಿಂತಿತು. ಮತ್ತೆ ಶುರುವಾಯಿತು. ಕೊನೆಗೆ ಏನೂ ಬರಲಿಲ್ಲ.

ಸುರೇಶ: ಹೋಸ್ ಬದಲಿಸಿದರೆ ಆಯಿತಲ್ಲ?

ಹಮೀದ್: ಬದಲಿಸಿದ್ದೇನೆ. ಟಯರ್ ಇದ್ದರೆ ಹೊಸದೂ ಸವೆಯುತ್ತದೆ. ಬಾಡಿಗೆ ಸೆಟ್ಟಿನಲ್ಲಿ ಟೆಸ್ಟಿಗೆ ಹೋದರೆ ಉಜ್ಜುವ ಟಯರ್ ಅಲ್ಲಿ ಇರುವುದೇ ಇಲ್ಲ. ಬ್ರೇಕ್ ಇನ್‌ಸ್ಪೆಕ್ಟರಿಗೆ ಗೊತ್ತಾಗುವುದು ಹೇಗೆ? ಇನ್ನು ಮೇಲೆ ನಾನು ಆ ಕೆಲಸ ಮಾಡಿಕೊಡುವುದಿಲ್ಲ.

ಹಮೀದ್: ಮತ್ತೊಂದು. ಗಾಡಿ ಗುಡ್ಡೆ ಹತ್ತದ್ದಕ್ಕೆ ಟಯರ್ ಒಂದೇ ಕಾರಣ ಅಲ್ಲ. ಕಲ್ಲು ಹೇರಲಿಕ್ಕೆ ಅಂತ ನೀನು ಹಿಂದೆ ಎರಡು ಪ್ಲೇಟ್ ಜಾಸ್ತಿ ಹಾಕಿಸಿದೆ. ಖಾಲಿ ಇರುವಾಗ ಹಿಂಭಾಗ ಬಗ್ಗುವುದಿಲ್ಲ, ಕುಣಿಯುತ್ತದೆ. ಕುಣಿಯುವ ಚಕ್ರ ನೆಲ ಹಿಡಿಯುವುದಿಲ್ಲ. ಹಿಡಿಯುವುದಿಲ್ಲ ಅಂತ ದೊಡ್ಡ ಟಯರ್ ಹಾಕಿದೆ. ಕಂಪೆನಿ ಅಳತೆಯಲ್ಲೇ ಮಣ್ಣು ಕಚ್ಚುವ ದಪ್ಪ ಗುಂಡಿಯ (ಬಟನ್) ಟಯರ್ ಸಿಗುತ್ತದೆ. ಅದನ್ನು ಹಾಕು. ಮಳೆಗಾಲದಲ್ಲಿ ಖಾಲಿ ಹೋಗುವಾಗ ಹಿಂದೆ ನಾಲ್ಕು ಚೀಲ ಮಣ್ಣು ಇಡು. ಪ್ಲೇಟ್ ತೆಗೆದ ಮೇಲೆ ಕಲ್ಲು ಕಡಿಮೆ ಹೇರು.

ಉದಯ: ಕಲ್ಲು ಕಡಿಮೆ ಹೇರಿದರೆ ಡೀಸೆಲ್ ಯಾರು ಕೊಡುತ್ತಾರೆ?

ಹಮೀದ್: ಅದು ನನಗೆ ಗೊತ್ತಿಲ್ಲ. ಹೋಸಿನ ದುಡ್ಡು ಮಾತ್ರ ನೀನೇ ಕೊಡಬೇಕು.

ವಿದ್ಯಾ: ಸಿಎಫ್ ಮುಗಿಯಲಿಕ್ಕೆ ಎಷ್ಟು ದಿನ ಇದೆ? ತಡವಾದರೆ ದಿನಕ್ಕೆ 50 ರೂಪಾಯಿ ಹೆಚ್ಚು ಕಟ್ಟಬೇಕು.

ಉದಯ: ಹನ್ನೆರಡು ದಿನ. ಹಳೆಯ ಟಯರ್ ಹಟ್ಟಿಯ ಅಟ್ಟದಲ್ಲಿದ್ದದ್ದು ಎರಡೇ. ಅವೂ ಬಿರುಕು ಬಿಟ್ಟಿವೆ. ಮೂರನೆಯದು ಬಾವಿಕಟ್ಟೆಯ ಹತ್ತಿರ ಇದೆ, ಅಮ್ಮ ಅದರಲ್ಲಿ ಅಬ್ಬಲಿಗೆ ನೆಟ್ಟಿದ್ದಾರೆ. ನಾಲ್ಕನೆಯದರಲ್ಲಿ ಮಗು ಉಯ್ಯಾಲೆ ಆಡುತ್ತದೆ. ಹೊಸತೇ ತರಬೇಕು.

ಮುಂದಿನ ವಾರ ಉದಯ ಮತ್ತೆ ಹೋದ. ಗಾರ್ಡ್, ಲೈಟಿನ ಬಾರ್, ಪ್ಲೇಟ್ ಎಲ್ಲ ಬಿಚ್ಚಿದ್ದ. ಈ ಸಲ ಬ್ರೇಕೂ ನೋಡಿದರು. ಒಂದು ರಿಫ್ಲೆಕ್ಟರ್ ಸ್ಟಿಕ್ಕರ್ ಓರೆಯಾಗಿದೆ ಅಂತ ಅಲ್ಲೇ ಬದಲಿಸಿ ಅಂಟಿಸಬೇಕಾಯಿತು. ಪಾಸ್. ಗುಂಪಿನಲ್ಲಿ ಮೂವತ್ತು ಹೆಬ್ಬೆಟ್ಟು. ಪಂಚಾಯತಿಗೆ ಕೊಡುವ ರಸ್ತೆಯ ಅರ್ಜಿಯನ್ನು ಮಾಷ್ಟ್ರು ಬರೆದುಕೊಟ್ಟಿದ್ದಾರೆ. ಕನ್ನಡದಲ್ಲೇ.

ಅದೇ ಸಂಜೆ:

ಉದಯ: [ಚಿತ್ರ] 31 ಇಂಚಿನ ಟಯರ್, ನಾಲ್ಕು, ಡಿಸ್ಕ್ ಸಮೇತ ಮಾರಲಿಕ್ಕಿದೆ. ಗುಂಡಿ ಇನ್ನೂ ಅರ್ಧಕ್ಕಿಂತ ಜಾಸ್ತಿ ಇದೆ. ಗುಂಪಿನವರಿಗೆ ಕಡಿಮೆಗೆ.

ವಿದ್ಯಾ: ಅಡ್ಮಿನ್, ಮಾರಾಟದ ಪೋಸ್ಟ್. ಡಿಲೀಟ್ ಮಾಡು.

ಮೂರು ದಿನ ಆಯಿತು, ಇನ್ನೂ ಡಿಲೀಟ್ ಮಾಡಿಲ್ಲ. ನನ್ನ ಜೀಪಿಗೂ ಅದೇ ಡಿಸ್ಕ್ ಕೂರುತ್ತದೆ.