ಬೆಂಕಿ ನಂದಿಸುವ ಸ್ಪ್ರಿಂಕ್ಲರ್ ಪೈಪಿನ ಒತ್ತಡ ಕಾಯುವ ಚಿಕ್ಕ ಜಾಕಿ ಪಂಪ್ ಎರಡು ನಿಮಿಷಕ್ಕೊಮ್ಮೆ ಓಡುತ್ತಿದೆ, ಏಕೆ?

ಪ್ರಶ್ನೆ: ಮುಖ್ಯ ಪಂಪಿನ ಶೂನ್ಯ ಹರಿವಿನ ಒತ್ತಡ 8.4 ಬಾರ್, ಸಕ್ಷನ್ (ನೀರು ಒಳಬರುವ ಕಡೆಯ) ಒತ್ತಡ ನಗಣ್ಯ. ಜಾಕಿ 8.2ಕ್ಕೆ ಶುರು, 8.4ಕ್ಕೆ ಬಂದ್, ಮುಖ್ಯ ಪಂಪ್ 8.1ಕ್ಕೆ ಶುರು. ಸ್ಪ್ರಿಂಕ್ಲರ್ ಒಂದೂ ತೆರೆದಿಲ್ಲ, ಆದರೂ ಆಗಾಗ ಮುಖ್ಯ ಪಂಪೂ ಚಾಲೂ ಆಗುತ್ತದೆ.

ಉತ್ತರ 1: ಶುರು-ಬಂದ್ ಒತ್ತಡಗಳ ಅಂತರ ತೀರಾ ಕಡಿಮೆ. ಎನ್‌ಎಫ್‌ಪಿಎ 20 (ಅಗ್ನಿಶಾಮಕ ಪಂಪುಗಳ ಅಮೆರಿಕನ್ ಮಾನದಂಡ) ಪದ್ಧತಿಯಲ್ಲಿ ಜಾಕಿ ಶುರುವಾಗುವುದು ಬಂದ್ ಒತ್ತಡಕ್ಕಿಂತ 0.7 ಬಾರ್ ಕೆಳಗೆ: 7.7. ಮುಖ್ಯ ಪಂಪ್ ಇನ್ನೂ 0.35 ಕೆಳಗೆ: 7.35.

ಉತ್ತರ 2: ಒತ್ತಡ ಪದೇಪದೇ ಇಳಿಯುವುದು ಎಲ್ಲೋ ಸೋರಿಕೆಯಿಂದ; ಸೆಟ್ಟಿಂಗ್ ಬದಲಿಸಿದರೆ ಅದು ನಿಲ್ಲದು, ಮರೆಯಾಗುತ್ತದೆ ಅಷ್ಟೆ. ಜಾಕಿ ನಿಲ್ಲಿಸಿ, ಎರಡೂ ಪಂಪ್‌ಗಳ ಡಿಸ್ಚಾರ್ಜ್ (ನೀರು ಹೊರಹೋಗುವ ಕಡೆಯ) ವಾಲ್ವ್ ಮುಚ್ಚಿ, ರೈಸರ್ (ಮೇಲಕ್ಕೆ ಹೋಗುವ ಮುಖ್ಯ ಪೈಪ್) ಗೇಜ್ ನೋಡಿ. ಒತ್ತಡ ಇಳಿಯದಿದ್ದರೆ ನೀರು ಪಂಪಿನತ್ತ ಹಿಂದೆ ಹರಿಯದಂತೆ ತಡೆಯುವ ಚೆಕ್ ವಾಲ್ವ್ ಮೇಲೆ ಅನುಮಾನ; ಸೀಟಿನಲ್ಲಿ ಕಸ ಸಿಕ್ಕಿರಬಹುದು. ಇಳಿದರೆ ರೈಸರ್‌ಗಳನ್ನು ಒಂದೊಂದಾಗಿ ಪ್ರತ್ಯೇಕಿಸಿ. ಪರೀಕ್ಷೆಯ ವೇಳೆ ಬೆಂಕಿಯ ಮೇಲೆ ನಿಗಾ ಇಡುವ ಕಾವಲು ಇರಲಿ, ವಾಲ್ವ್ ಮತ್ತೆ ತೆರೆದದ್ದನ್ನು ಖಚಿತಪಡಿಸಿಕೊಳ್ಳಿ.

ಉತ್ತರ 3: ಎರಡೂ ಕಂಟ್ರೋಲರ್‌ಗೆ ಒಂದೇ ಸೆನ್ಸಿಂಗ್ ಲೈನ್ (ಒತ್ತಡ ಗ್ರಹಿಸುವ ಸಣ್ಣ ಪೈಪ್) ಇದ್ದರೆ ಬೇರ್ಪಡಿಸಿ.